ಪ್ರಶ್ನೆ ಕೇಳಿದ ಮಗಳ ಪರವಾಗಿ ಒಂದು ಕ್ಷಮಾಪಣೆ

ಮಾನ್ಯ ಪ್ರಾಂಶುಪಾಲರೇ, ಹಾಗೂ ತಮಗಿಂತಲೂ ಮಾನ್ಯರಾದ ಜಾಹೀರಾತು ವಿಭಾಗದವರೇ,

ಮುಂಬೈ ಪಕ್ಕದ ವಾಶಿಯ ಧಾನ್ಯ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚೀಲ ಹೊರುತ್ತಿರುವ, ಕಲಬುರಗಿ ಕಡೆಯ ರೇವಣಸಿದ್ದನ ಶರಣು ಶರಣಾರ್ಥಿ. ಮಗಳು ಮಾಲಾಳ ಅಶಿಸ್ತಿಗಾಗಿ ತಂದೆ ಲಿಖಿತ ಕ್ಷಮೆ ಕೇಳುವವರೆಗೆ ಪರೀಕ್ಷೆಯ ಹಾಲ್‌ಟಿಕೆಟ್ ಕೊಡಲಾಗದು ಎಂಬ ತಮ್ಮ ನೋಟಿಸು ತಲುಪಿತು. ಇದೇ ಆ ಕ್ಷಮಾಪಣೆ. ತಮ್ಮ ಕೀರ್ತಿ ನಾಲ್ಕು ಜನಕ್ಕೆ ತಿಳಿಯಲೆಂದು ಬಹಿರಂಗವಾಗಿ ಬರೆದಿದ್ದೇನೆ.

"ಲಿಬರಲ್ ಆರ್ಟ್ಸ್ ಪದವಿ: ಪ್ರಶ್ನಿಸಲು ಕಲಿಯಿರಿ" ಎಂಬ ತಮ್ಮ ಫಲಕ ನೋಡಿಯೇ ಅವಳನ್ನು ಸೇರಿಸಿದೆ. ತಾವು ಕೊಟ್ಟ ಹೊಳಪಿನ ಪುಸ್ತಕದಲ್ಲಿ ಕೆರೆಯಿತ್ತು, ಕೆರೆಯಲ್ಲಿ ಬಾತುಕೋಳಿಗಳಿದ್ದವು. ಉಲ್ಹಾಸನಗರದ ಫರ್ನಿಚರ್ ಅಂಗಡಿಯ ಮೇಲಿರುವ ಕಾಲೇಜಿಗೆ ಬಂದಾಗ ಕೆರೆ ಕಾಣದಿದ್ದರೂ, ನೀರಿನ ಟ್ಯಾಂಕು ಧಾರಾಳವಾಗಿ ಸೋರುತ್ತಿದ್ದುದರಿಂದ ತಾವು ಪೂರ್ತಿ ಸುಳ್ಳು ಹೇಳಿದಿರೆನ್ನಲಾರೆ.

ಜೂನ್‌ನಿಂದ ತತ್ವಶಾಸ್ತ್ರಕ್ಕೆ ಮೇಷ್ಟ್ರಿಲ್ಲ. ಹೊಸ ಪ್ರವೇಶದ ಮೇಳದಲ್ಲಿ, ಇನ್ನೂರು ತಂದೆತಾಯಂದಿರ ಮುಂದೆ, ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಎದ್ದು ನಿಂತು "ಸರ್, ಫಿಲಾಸಫಿ ಕೆ ಟೀಚರ್ ಕಬ್ ಆಯೇಂಗೆ?" ಎಂದು, ಅಂದರೆ ಮೇಷ್ಟ್ರು ಯಾವಾಗ ಬರುತ್ತಾರೆಂದು, ಕೇಳಿದಳಂತೆ. ಇದೇ ಅವಳ ಅಶಿಸ್ತು. ನೋಟಿಸು ಓದಿಸಿ ಕೇಳಿದ ನನ್ನ ಹೆಂಡತಿ ಚಂದ್ರಬಾಯಿ, "ಪ್ರಶ್ನಿ ಕೇಳಾಕ ಕಲಸ್ತೀವಂದ್ರು, ಕೇಳಿದ್ಕ ಸಿಟ್ಟ್ಯಾಕ ಬಂತು ಇವ್ರಿಗಿ?" ಎಂದಳು. ಶಾಲೆ ಕಾಣದವಳು, ಮನ್ನಿಸಬೇಕು.

ನಮ್ಮ ಮಾರುಕಟ್ಟೆಯಲ್ಲಿ ಚೀಲದ ಮೇಲಿನ ಅಚ್ಚು ನೋಡಿ ಯಾರೂ ಮಾಲು ಕೊಳ್ಳುವುದಿಲ್ಲ. ಚೂಪು ಕೊಳವೆಯನ್ನು ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದು ನೋಡುತ್ತಾರೆ. ಚುಚ್ಚಿದವನಿಗೆ ಯಾವ ವ್ಯಾಪಾರಿಯೂ ನೋಟಿಸು ಕೊಟ್ಟಿದ್ದಿಲ್ಲ. ಮಗಳು ಚುಚ್ಚಿ ನೋಡಿದಳು, ಅಷ್ಟೇ. ದಿನವೂ ಅದನ್ನೇ ಕಾಣುವ ನಾನು ಮಾತ್ರ ಅಡ್ಮಿಷನ್ ದಿನ ಬರೀ ಅಚ್ಚು ನೋಡಿ ಸಹಿ ಹಾಕಿದೆ. ಆ ತಪ್ಪಿಗೆ ಕ್ಷಮೆ ಕೇಳಬೇಕಾದದ್ದು ಮಗಳನ್ನು, ಕೇಳಿದ್ದೇನೆ. ನಮ್ಮ ಮನೆತನದಲ್ಲೇ ಇದು ಮೊದಲ ಡಿಗ್ರಿ ಸ್ವಾಮಿ.

ಸೋಮವಾರ ಪರೀಕ್ಷೆ. ಹಾಲ್‌ಟಿಕೆಟ್ ದಯಪಾಲಿಸಿ, ಜೊತೆಗೆ ಫಲಕ ಬರೆದ ಮಹಾಶಯರನ್ನೇ ತತ್ವಶಾಸ್ತ್ರಕ್ಕೆ ನೇಮಿಸಬೇಕಾಗಿ ವಿನಂತಿ. ಇಲ್ಲದ್ದನ್ನು ಇದೆಯೆಂದು ಸಾಧಿಸಬಲ್ಲವರು ಅವರೊಬ್ಬರೇ.

ಅಚ್ಚನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ರೇವಣಸಿದ್ದ

ತಾ.ಕ.: ವಿಠ್ಠಲವಾಡಿ ಸ್ಟೇಷನ್ನಿನೆದುರು ಈ ವರ್ಷ ತಾವು ನಿಲ್ಲಿಸಿದ ಹೊಸ ಫಲಕದಲ್ಲಿ, "ಪ್ರಶ್ನಿಸಲು ಕಲಿಯಿರಿ" ಎಂಬುದರ ಕೆಳಗೆ ನಗುತ್ತಿರುವ ಹುಡುಗಿ ನಮ್ಮ ಮಾಲಾಳೇ, ತಮ್ಮವರೇ ತೆಗೆದ ಫೋಟೋ. ಹಾಲ್‌ಟಿಕೆಟ್ ಬಾರದಿದ್ದರೆ ಸೋಮವಾರದಿಂದ ಅವಳಿಗೆ ಬೇರೆ ಕೆಲಸವಿಲ್ಲ, ದಿನವೂ ಅದೇ ಫಲಕದ ಕೆಳಗೆ ನಿಲ್ಲುತ್ತಾಳಂತೆ. ಮುಖ ಗುರುತು ಹಿಡಿದ ತಂದೆತಾಯಂದಿರು ಏನಾದರೂ ಕೇಳಿದರೆ ಉತ್ತರ ಹೇಳುತ್ತಾಳೆ.