ಹೊಸ್ತಿಲ ಮೇಲೆ ನಿಂತವನು ಯಾರು?

ಕವಿತೆಯ ಅರ್ಥ ಹೇಳುವುದರಲ್ಲಿ ಬಸವಕಲ್ಯಾಣದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ!

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಶ್ರಾವಣ ಬಂತೆಂದರೆ ನಮ್ಮ ಓಣಿಯಲ್ಲಿ ಬೆಡಗಿನ ವಚನಗಳ ಅರ್ಥ ಬಿಡಿಸುವ ಸೇವೆಯೂ ನನ್ನದೇ. ಬೆಡಗಿನ ವಚನವೆಂದರೆ ಮೇಲೆ ಕಾಣುವುದೊಂದು, ಒಳಗಿರುವುದು ಇನ್ನೊಂದು. ಅದರ ಕೀಲಿಕೈಗಳೆಲ್ಲ ನನಗೆ ಬಾಯಿಪಾಠ. ಮನೆ ಬಂದರೆ ದೇಹ. ಮೂರು ಬಂದರೆ ಮಲತ್ರಯ, ಐದು ಬಂದರೆ ಇಂದ್ರಿಯ, ಆರು ಬಂದರೆ ಅರಿಷಡ್ವರ್ಗ. ಹದಿಮೂರು ಬಂದರೆ ಸ್ವಲ್ಪ ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತೇನೆ.

ಇಂಥ ನನಗೆ ಅಣ್ಣನ ಮಗಳು ಸುವರ್ಣಾಳ ಕವಿತೆ ಯಾವ ಲೆಕ್ಕ?

ಸುವರ್ಣಾಗೆ ಹುಮನಾಬಾದಿನ ಸಂಬಂಧ ಕೂಡಿ ಬಂದಿತ್ತು. ಹುಡುಗ ಶಿವಕುಮಾರ, ಮನ್ನಾಏಖೇಳ್ಳಿಯ ದನದ ದವಾಖಾನೆಯಲ್ಲಿ ಡಾಕ್ಟರ್. ಎರಡೂ ಕಡೆ ಒಪ್ಪಿಗೆಯಾಗಿ, ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು. ನಮ್ಮ ಹುಡುಗಿ ಎಷ್ಟು ಶಾಣ್ಯಾಕಿ, ಎಂಥ ಜಾಣೆ ಎಂಬುದು ಬೀಗರಿಗೂ ತಿಳಿಯಲಿ ಎಂದು, ವಾರಪತ್ರಿಕೆಯಲ್ಲಿ ಬಂದಿದ್ದ ಅವಳ ಕವಿತೆಯ ಫೋಟೋ ತೆಗೆದು ಅವರ ವಾಟ್ಸಾಪಿಗೆ ಕಳಿಸಿದೆ. ಯಾರೂ ಕಳಿಸು ಎಂದಿರಲಿಲ್ಲ. ಕವಿತೆ ಇಷ್ಟೇ:

ಹೋಗುತ್ತೇನೆ ಎಂದವನು
ಇನ್ನೂ ಹೊಸ್ತಿಲಲ್ಲೇ ಇದ್ದಾನೆ.
ಬಟ್ಟಲಲ್ಲಿ ಚಹಾ ತಣ್ಣಗಾಯಿತು,
ದೀಪ ಮೂರು ಸಲ ಕುಣಿಯಿತು.
ಅವನ ನೆರಳು ಮಾತ್ರ
ನನ್ನ ಮನೆಯೊಳಗೆ ಬೆಳೆಯುತ್ತಿದೆ.

ಮರುದಿನ ಬೀಗರು, ಅಂದರೆ ಹುಡುಗನ ತಂದೆ, ಅಣ್ಣನಿಗೆ ಫೋನ್ ಮಾಡಿದರು. "ಹೋಗ್ತೀನಿ ಅಂದವ ಯಾರ್ರಿ? ಇನ್ನಾ ಯಾಕ ಹೋಗಿಲ್ಲ? ಅದು ತಿಳಿಯೋ ತನಕ ದಿನ ನೋಡೋದು ಬ್ಯಾಡ್ರಿ."

ಅಣ್ಣನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಣ್ಣನ ಹೆಂಡತಿ ವೈನಿ ಅಳುತ್ತಾ ಕೂತರು. ಅಣ್ಣ ನನ್ನನ್ನು ಕರೆಸಿ, "ಕಳಿಸ್ದವ ನೀನೇ. ಹೋಗಿ ಮತ್ಲಬ್ ಹೇಳಿ ಬಾ" ಎಂದ. ಸುವರ್ಣಾ ನನ್ನನ್ನು ಬದಿಗೆ ಕರೆದಳು. ಅವಳ ಮುಖ ಸಣ್ಣದಾಗಿತ್ತು.

"ಕಾಕಾ, ನೋಡಾಕ ಬಂದವರೆಲ್ಲಾ ಮದಿವಿ ಆದ ಮ್ಯಾಲ ಬರಿಯೋದು ಬಿಡಬೇಕಂದ್ರು. ಇವರೊಬ್ಬರೇ ಬರಿ ಅಂದವರು. ಈ ಸಂಬಂಧ ಕೆಡಬಾರದ್ರಿ. ಅದರ ಅರ್ಥ ನಾನೇ ಹೇಳ್ತೀನಿ ಕೇಳ್ರಿ, ಅದು ಏನಂದ್ರ..."

ನಾನು ಕೈ ಎತ್ತಿ ತಡೆದೆ. "ಬ್ಯಾಡ! ಕವಿ ಅರ್ಥ ಹೇಳಬಾರದು. ಅದು ವಿಮರ್ಶಕನ ಕೆಲಸ!"

ನಾನು ಬರುತ್ತೇನೆಂದು ಹೊರಟೆ. ಬಾಗಿಲಲ್ಲಿ ಹೊಸಗನ್ನಡ ಕಾವ್ಯದ ಬಗ್ಗೆ ಒಂದೆರಡು ಮಾತು ನೆನಪಾಗಿ ಹೇಳುತ್ತಿದ್ದೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ, "ಹೋಗ್ರಿ ಮಾರಾಯ್ರ, ಬಸ್ ಹೋಗ್ತದ" ಎಂದು ಚೀಲ ಕೈಗಿಟ್ಟಳು. ಬಸ್ಸು ಹೋಗಿತ್ತು. ಇನ್ನೊಂದು ಹಿಡಿದು ಹುಮನಾಬಾದ್ ತಲುಪುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಬೀಗರ ಮನೆಯ ಪಡಸಾಲೆಯಲ್ಲಿ ಬೀಗರು, ಶಿವಕುಮಾರ ಮತ್ತು ಅವನ ಅಜ್ಜಿ ನನಗಾಗಿ ಕಾದಿದ್ದರು. ಚಹಾ ಬಂತು. ನಾನು ಗಂಟಲು ಸರಿಮಾಡಿಕೊಂಡೆ.

"ನೋಡ್ರಿ, ಇಲ್ಲಿ ಮನಿ ಅಂದ್ರ ದೇಹ. ಹೋಗ್ತೀನಿ ಅಂದವ ಅಂದ್ರ ಪ್ರಾಣ. ಪ್ರಾಣ ದೇಹದ ಹೊಸ್ತಿಲಾಗ ನಿಂತದ!"

ಅಜ್ಜಿ ಗಾಬರಿಯಾದರು. "ಅಯ್ಯ ಶಿವನೇ! ಪೋರಿಗಿ ಅಂಥಾದ್ದೇನು ಬ್ಯಾನಿ ಅದ್ರಿ? ನಮಗ್ಯಾಕ ಹೇಳಲಿಲ್ಲ?"

"ಬ್ಯಾನಿ ಇಲ್ರಿ, ಗಟ್ಟಿಮುಟ್ಟ ಅದಾಳ!" ಎಂದು ನಾನು ಅರ್ಥವನ್ನು ತಕ್ಷಣ ಹಿಂದಕ್ಕೆ ಪಡೆದೆ. "ಪ್ರಾಣ ಅಲ್ರಿ, ಶಿವ. ಶಿವನೇ ಬಾಗಿಲಿಗಿ ಬಂದಾನ. ದೀಪ ಮೂರು ಸಲ ಕುಣೀತು ಅಂದ್ರ ಮೂರೂ ಮಲ ಸುಟ್ಟವು. ಇನ್ನ ಆಕಿಗಿ ಸಂಸಾರದ ಆಸೆ ಉಳಿದಿಲ್ಲ!"

ಕೊನೆಯ ವಾಕ್ಯ ಹೇಳಬಾರದಿತ್ತು. ಆದರೆ ಶ್ರಾವಣದಲ್ಲಿ ಅದಕ್ಕೆ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು.

"ಸಂಸಾರದ ಆಸೆ ಇಲ್ಲಂದ್ರ ನಮ್ಮ ಮನಿಗಿ ಯಾಕ ಬರ್ತಾಳ್ರಿ?" ಎಂದರು ಬೀಗರು. "ಮಠಕ್ಕ ಹೋಗ್ಲಿ."

ಹಳೆಯ ಕೀಲಿಕೈ ಕೆಲಸ ಮಾಡದಾಗ ಹೊಸದನ್ನು ತೆಗೆಯಬೇಕು. ನಾನು ನೇರವಾಗಿ ಆಧುನಿಕತೆಗೆ ಜಿಗಿದೆ. ಹೊಸ್ತಿಲಲ್ಲಿ ನಿಂತವನು ಗಂಡಸಿನ ದರ್ಪದ ಸಂಕೇತ, ಹೆಣ್ಣು ಅವನನ್ನು ಹೊರಗೆ ಹಾಕುವ ದಿನ ದೂರವಿಲ್ಲ ಎಂದು ಘೋಷಿಸಿದೆ. ಬೀಗರು ಮಗನ ಮುಖ ನೋಡಿದರು. "ಅಕ್ಷತಿ ಬೀಳೂಕಿಂತ ಮೊದಲೇ ನನ್ನ ಮಗನ್ನ ಹೊರಗ ಹಾಕಾಕತ್ತೀರೇನು?"

ಆಗ ಅಜ್ಜಿ ಸೆರಗನ್ನು ಬಾಯಿಗೆ ಹಿಡಿದು, ಬಹಳ ಮೆಲ್ಲಗೆ ಕೇಳಿದರು. "ಅದೆಲ್ಲಾ ಇರ್ಲಿ ಮಾಸ್ತರ್ರ. ಆತನದು ಒಳಗ ಬೆಳಿಯಾಕತ್ತದ ಅಂತ ಬರದಾಳಲ್ಲ... ಒಳಗ ಅಂದ್ರ ಎಲ್ಲಿ?"

"ನೆರಳ್ರಿ ಆಯಿ! ನೆರಳು! ಬರೀ ನೆರಳು!" ಎಂದು ಕೂಗಿಕೊಂಡೆ. ಪಕ್ಕದ ಮನೆಯವರು ಕಿಟಕಿ ತೆರೆದರು. ಒಬ್ಬ ಹುಡುಗಿಯನ್ನು ಸ್ವಲ್ಪ ಹೊತ್ತಿನಲ್ಲಿ ರೋಗಿ, ಸನ್ಯಾಸಿನಿ, ಗಂಡನನ್ನು ಓಡಿಸುವವಳು ಮಾಡಿದ್ದಲ್ಲದೆ ಇಂಥ ಪ್ರಶ್ನೆಯನ್ನೂ ಹುಟ್ಟಿಸಿದ್ದೆ. ಸುವರ್ಣಾಳ ಸಣ್ಣ ಮುಖ ಕಣ್ಮುಂದೆ ಬಂತು. ಇನ್ನು ಬಾಯಿ ಬಿಡಬಾರದೆಂದು ಎದ್ದು ಕೈ ಮುಗಿದು, "ಬರ್ತೀನ್ರಿ" ಎಂದೆ. ಬೀಗರು ಕೂಡ್ರಿ ಎನ್ನಲಿಲ್ಲ.

ಬಾಗಿಲಿಗೆ ಬಂದಾಗ ಒಂದು ಹೊಸ ಅರ್ಥ ಹೊಳೆಯಿತು! ಚೌಕಟ್ಟು ಹಿಡಿದು ನಿಂತು ಹೇಳತೊಡಗಿದೆ. ಅವನು ಎಂದರೆ ಕಾಲ. ಅಲ್ಲ, ನೆನಪು. ಅಥವಾ ಎರಡೂ. ಹೇಳುತ್ತಾ ಹೋದಂತೆ ನನಗೇ ಕುತೂಹಲ ಹೆಚ್ಚಾಯಿತು. ಅವನು ಯಾಕೆ ಹೋಗುತ್ತಿಲ್ಲ? ಅವಳು ಯಾಕೆ ಹೋಗು ಎನ್ನುತ್ತಿಲ್ಲ? ಇಷ್ಟು ದಿನ ಅರ್ಥ ಹೇಳುತ್ತಾ ಬಂದವನಿಗೆ ಇಂಥ ಪ್ರಶ್ನೆ ಎದ್ದದ್ದು ಅದೇ ಮೊದಲು. ಸಂಜೆಯ ಬಿಸಿಲು ನನ್ನ ಬೆನ್ನಿಗಿತ್ತು. ಮನೆಯವರು ಆಗಲೇ ದೀಪ ಹಾಕಿದ್ದರು. ವೋಲ್ಟೇಜ್ ಇಳಿದು ಅದು ಒಮ್ಮೆ ಪಕಪಕ ಕುಣಿಯಿತು.

"ಒಂದಾತು" ಎಂದ ಶಿವಕುಮಾರ.

ಅವನು ಮೊಬೈಲಿನಲ್ಲಿದ್ದ ಕವಿತೆ ನೋಡಿದ, ನಾನು ಮುಟ್ಟದೆ ಬಿಟ್ಟಿದ್ದ ಚಹಾದ ಬಟ್ಟಲು ನೋಡಿದ, ನೆಲದ ಮೇಲಿನ ನೆರಳು ನೋಡಿದ, ನನ್ನನ್ನು ನೋಡಿದ. ಆಮೇಲೆ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಬೀಗರಿಗೆ ಹೇಳಿದರು. ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಒಳಗಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು.

"ಭಾಳ ಶಾಣ್ಯಾಕಿ ಅದಾಳ ನಿಮ್ಮ ಪೋರಿ. ದಿನ ನೋಡ್ರಿ!"

ಕಾಲ ಮತ್ತು ನೆನಪು ಎರಡನ್ನೂ ಸೇರಿಸಿದ್ದು ಫಲಿಸಿತು ಎಂದುಕೊಂಡೆ. ಮರಳಿ ಬರುವ ಬಸ್ಸಿನಲ್ಲಿ ಆಧುನಿಕ ಕಾವ್ಯದ ಬಗ್ಗೆ ಒಂದು ಪುಸ್ತಕ ಬರೆಯುವ ನಿರ್ಧಾರವನ್ನೂ ಮಾಡಿದೆ.

ನೇರವಾಗಿ ಅಣ್ಣನ ಮನೆಗೆ ಹೋದೆ. ಸುದ್ದಿ ಫೋನಿನಲ್ಲಿ ನನಗಿಂತ ಮೊದಲೇ ಮುಟ್ಟಿತ್ತು. ವೈನಿ ನಗುತ್ತಾ ಚಹಾ ಕೊಟ್ಟರು. ನನ್ನ ಹೆಂಡತಿಯೂ ಅಲ್ಲೇ ಇದ್ದಳು.

"ಯಾವ ಅರ್ಥ ಒಪ್ಪಿದ್ರಂತ ಅವರು?" ಎಂದೆ ಗಂಭೀರವಾಗಿ. "ಕಾಲವೋ, ನೆನಪೋ?"

ಸುವರ್ಣಾ ತಲೆ ತಗ್ಗಿಸಿದಳು. ಹೆಂಡತಿಗೆ ತಡೆಯಲಾಗಲಿಲ್ಲ. "ಎರಡೂ ಅಲ್ರಿ. ನೀವು!"

"ನಾನಾ?"

"ಕಾಕಾ, ಸಿಟ್ಟಾಗಬ್ಯಾಡ್ರಿ" ಎಂದಳು ಸುವರ್ಣಾ. "ನೀವು ದಿನಾ ಬರ್ತೀರಿ, ಹೋಗ್ತೀನಿ ಅಂತ ಏಳ್ತೀರಿ, ಮತ್ತ ಬಾಗಿಲಾಗ ನಿಂತು ಮಾತಾಡ್ತೀರಿ. ಅದನ್ನೇ ನೋಡ್ಕೋತ ಬರಿಯಾಕ ಕೂತೆ. ಹೇಳಾಕ ಬಂದ್ರ ನೀವೇ ಬ್ಯಾಡಂದ್ರಿ. ಆದ್ರ ಖರೆ ಹೇಳ್ತೀನಿ, ಮೊದಲನೇ ಸಾಲಿನಾಗ ನೀವೇ ಇದ್ರಿ. ಕಡೀ ಸಾಲಿಗಿ ಬರೋದ್ರಾಗ ಅಲ್ಲಿ ನಿಂತವ ಯಾರಂತ ನನಗೂ ತಿಳೀಲಿಲ್ಲ."

ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚು ಕುತೂಹಲವಾಯಿತು. ಹಾಗಾದರೆ ಕೊನೆಯ ಸಾಲಿನಲ್ಲಿ ಯಾರು? ಕವಿಗೇ ತಿಳಿಯದ್ದು ಕವಿತೆಗೆ ತಿಳಿದಿರಬಹುದೇ? ಇದು ಸಾಮಾನ್ಯ ಪ್ರಶ್ನೆಯಲ್ಲ. ಬರುತ್ತೇನೆಂದು ಎದ್ದವನು ಇದನ್ನು ವಿವರವಾಗಿ ಚರ್ಚಿಸುತ್ತಿದ್ದೆ. ಅಣ್ಣ ಆಕಳಿಸಿದ. ವೈನಿ ಬಂದು, ತಣ್ಣಗಾಗಿದ್ದ ನನ್ನ ಚಹಾದ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದರು.

ಆಗ ಕೆಳಗೆ ನೋಡಿಕೊಂಡೆ. ನನ್ನ ಎರಡೂ ಕಾಲು ಹೊಸ್ತಿಲ ಮೇಲಿದ್ದವು.

"ಬರ್ತೀನಿ" ಎಂದೆ.

ಯಾರೂ ನಂಬಲಿಲ್ಲ!