ಸದ್ದಿಲ್ಲದ ಷಟರ್

ಬೆಳಿಗ್ಗೆ ಆರೂ ಮುಕ್ಕಾಲು. ಧರ್ಮೇಶನ ಗ್ಯಾರೇಜಿನ ಷಟರ್ ನೆಲದಿಂದ ಒಂದು ಗೇಣು ಎದ್ದು ನಿಂತುಬಿಟ್ಟಿತು. ಎತ್ತಿದರೆ ಮೇಲಕ್ಕೆ ಹೋಗಲಿಲ್ಲ, ಒತ್ತಿದರೆ ಕೆಳಕ್ಕೆ ಬರಲಿಲ್ಲ. ಒಳಗೆ ಮಾವನ ಕಾರಿತ್ತು.

ಕೊಪ್ಪದ ಬಸ್ ಸ್ಟಾಂಡಿನ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸುವಾಗ ಧರ್ಮೇಶ ಮುಂದುಗಡೆ ಒಂದು ಅಂಗಡಿ ಕೋಣೆಯನ್ನೂ ಕಟ್ಟಿಸಿ ಕಬ್ಬಿಣದ ಷಟರ್ ಹಾಕಿಸಿದ್ದ. ಬಾಡಿಗೆಗೆ ಯಾರೂ ಬರಲಿಲ್ಲ. ಹಿರೇಕೊಡಿಗೆಯಿಂದ ಮಾವ ನಾಗಪ್ಪನವರ ಕಾರು ಬಂತು. ನಾಗಪ್ಪನವರ ಮನೆಗೆ ಹೋಗಲು ಇರುವುದು ಹಳ್ಳ ದಾಟುವ ಒಂದು ಕಾಲುಸಂಕ ಮಾತ್ರ. ಅದರ ಮೇಲೆ ಕಾರು ಹೋಗುವುದಿಲ್ಲ ಎಂಬುದು ಅವರಿಗೆ ಹೊಳೆದದ್ದು ಕಾರು ಕೊಂಡ ಮೇಲೆ.

ಅವತ್ತು ಆ ಕಾರಿನಲ್ಲಿ ನರಸಿಂಹರಾಜಪುರಕ್ಕೆ ಹೋಗಬೇಕಿತ್ತು. ಧರ್ಮೇಶನ ಬಾಮೈದ ಯಶವಂತನಿಗೆ ಹೆಣ್ಣು ನೋಡುವ ಕಾರ್ಯ. ಹುಡುಗಿಯ ಅಪ್ಪ ನಿವೃತ್ತ ಹೆಡ್‌ಮಾಸ್ಟರು. "ಹತ್ತು ಗಂಟೆಗೆ ಬನ್ನಿ. ಹನ್ನೊಂದಕ್ಕೆ ತೀರ್ಥಹಳ್ಳಿ ಕಡೆಯ ಇನ್ನೊಬ್ಬ ಹುಡುಗ ಬರ್ತಾನೆ" ಎಂದು ಫೋನಿನಲ್ಲಿ ಗಂಟೆ ಬಾರಿಸಿದ ಹಾಗೆ ಹೇಳಿದ್ದರು. "ಸ್ವಂತ ಕಾರಲ್ಲೇ ಬರ್ತೀವಿ" ಎಂದು ನಾಗಪ್ಪನವರು ಮಾತು ಕೊಟ್ಟಿದ್ದರು.

ಯಶವಂತನಿಗೆ ಮೂವತ್ನಾಲ್ಕು ದಾಟಿತ್ತು. ಹಿಂದೆ ತಪ್ಪಿಹೋದ ಎರಡು ಸಂಬಂಧಗಳಲ್ಲೂ ಡ್ರೈವರ್ ಧರ್ಮೇಶನೇ. ಅಡ್ಡಗದ್ದೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಹುಡುಗಿ ಮನೆಯವರ ಸಸಿಮಡಿಗೆ ಇಳಿಸಿದ್ದ. ಕೆರೆಕಟ್ಟೆಗೆ ಹೊರಟಾಗ ನಡುದಾರಿಯಲ್ಲಿ ಪೆಟ್ರೋಲ್ ಮುಗಿದು, ತಲುಪುವಾಗ ಹುಡುಗಿ ಮನೆಯವರು ದೀಪ ಆರಿಸಿ ಮಲಗಿದ್ದರು.

"ಮೂರನೇದೂ ನಿಮ್ಮಿಂದ ತಪ್ಪಿದ್ರೆ ನಾನು ತವರಿಗೆ ಮುಖ ತೋರ್ಸೋ ಹಾಗಿಲ್ಲ. ನೀವಂತೂ ಆ ಕಡೆ ತಲೆ ಹಾಕೋದೇ ಬೇಡ" ಎಂದು ಹೆಂಡತಿ ಭವ್ಯ ಹಿಂದಿನ ರಾತ್ರಿಯೇ ಹೇಳಿದ್ದಳು.

"ಎಂತ ಆಯ್ತು ಧರ್ಮೇಶ?" ಜಗಲಿಯಿಂದ ನಾಗಪ್ಪನವರು ಕೇಳಿದರು. ಅವರೂ ಯಶವಂತನೂ ಹಿಂದಿನ ಸಂಜೆಯೇ ಬಂದು ಉಳಿದುಕೊಂಡಿದ್ದರು.

"ಎಂತದೂ ಇಲ್ಲ ಮಾವ. ಸ್ವಲ್ಪ ಬಿಗಿ."

ಷಟರ್ ಹಾಕಿದ ಶಿವಮೊಗ್ಗದವನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಆದರೆ ಆ ಮನುಷ್ಯ ಹೋಗುವಾಗ ಹೇಳಿದ ಮಾತುಗಳು ಧರ್ಮೇಶನಿಗೆ ನೆನಪಿದ್ದವು: ಮೇಲಿನ ಸ್ಪ್ರಿಂಗ್ ಮುಟ್ಟಬೇಡಿ, ಕೆಳಗೆ ನಿಲ್ಲಬೇಡಿ, ಎತ್ತಿದರೆ ಎರಡೂ ಕಡೆ ಸಮವಾಗಿ ಎತ್ತಿ.

ಅಷ್ಟರಲ್ಲಿ ಪಕ್ಕದ ಮನೆಯ ಗಜಾನನರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದರು. ಆ ಕೇರಿಯಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ ಬಿಚ್ಚುವವರು ಅವರೇ. ಮತ್ತೆ ಜೋಡಿಸುವವರು ಮಾತ್ರ ಪೇಟೆಯಲ್ಲಿದ್ದರು.

"ಇಷ್ಟೇನಾ? ಸರಿ ಮಾರಾಯ ಆಚೆ." ಗಜಾನನರು ಎಡಗಡೆಯ ಮೂಲೆಗೆ ಎರಡೂ ಕೈ ಹಾಕಿ ಒಂದೇ ಸಲ ಎತ್ತಿದರು.

"ಒಂದೇ ಕಡೆ ಎತ್ತಬೇಡಿ!" ಎಂದು ಧರ್ಮೇಶ ಹೇಳಿ ಮುಗಿಸುವುದರೊಳಗೆ ಎಡಗಡೆ ಇನ್ನರ್ಧ ಗೇಣು ಮೇಲೆದ್ದು, ಪಂಚೆಯನ್ನು ಒಂದೇ ಬದಿಗೆ ಎತ್ತಿ ಕಟ್ಟಿದ ಹಾಗೆ ಷಟರ್ ಓರೆಯಾಗಿ ಕಚ್ಚಿಕೊಂಡಿತು.

"ಈಗ ಗೊತ್ತಾಯ್ತು," ಎಂದರು ಗಜಾನನರು. "ತಪ್ಪಿರೋದು ಮೇಲ್ಗಡೆ."

ಅವರು ಏಣಿ ಮತ್ತು ಸ್ಪ್ಯಾನರ್ ತರಲು ಹೋದಾಗ ಧರ್ಮೇಶ ಹಿತ್ತಿಲಿಂದ ಎರಡು ಸಿಮೆಂಟ್ ಬ್ಲಾಕ್ ಹೊತ್ತು ತಂದು ಷಟರಿನ ಕೆಳಗೆ ಎರಡೂ ತುದಿಗೆ ಅಡ್ಡ ಇಟ್ಟ. ಎದುರು ಮನೆಯ ತುಂಗಮ್ಮ ಗೇಟಿಗೆ ಒರಗಿ ನೋಡುತ್ತಿದ್ದರು.

"ಭವ್ಯಾ, ನಿನ್ನ ಗಂಡ ಎಂತ ಮಾಡ್ತಿದಾನೆ ನೋಡೇ. ಬಾಗಿಲು ತೆಗಿ ಅಂದ್ರೆ ಗೋಡೆ ಕಟ್ತಿದಾನೆ!"

"ಅವ್ರು ಹಾಗೇ ತುಂಗಮ್ಮ. ಎಲ್ಲದಕ್ಕೂ ಹೆದರಿಕೆ" ಎಂದಳು ಭವ್ಯ.

ಗಜಾನನರು ಏಣಿ ಹತ್ತಿದರು. ಸ್ಪ್ರಿಂಗ್ ಸುತ್ತಿಟ್ಟಿದ್ದ ದಪ್ಪ ಕೊಳವೆಯ ನಟ್ಟಿಗೆ ಸ್ಪ್ಯಾನರ್ ಹಿಡಿದರು. ಅದೇ ಹೊತ್ತಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದ ಯಶವಂತ, "ಒಳಗೆ ಎಲ್ಲಿ ಸಿಕ್ಕಿದೆ ನೋಡ್ತೀನಿ ತಡೀರಿ ಭಾವ" ಎಂದವನೇ ನೆಲಕ್ಕೆ ಮಲಗಿ ಷಟರಿನ ಕೆಳಗೆ ತಲೆ ತೂರಿಸಿದ.

ಧರ್ಮೇಶನಿಗೆ ಒಂದೇ ನೋಟದಲ್ಲಿ ಎರಡೂ ಕಂಡವು: ಮೇಲೆ ನಟ್ಟು, ಕೆಳಗೆ ಕುತ್ತಿಗೆ.

"ಗಜಾನನರೇ, ಮುಟ್ಟಬೇಡಿ! ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಅದು, ನಟ್ ಸಡಿಲಾದ್ರೆ ಸ್ಪ್ಯಾನರ್ ತಿರುಗಿ ನಿಮ್ಮ ದವಡೆಗೇ ಬರೋದು! ಯಶವಂತಾ, ಹೊರಗೆ ಬಾರೋ!"

ಆ ಕೂಗಿಗೆ ಗಜಾನನರು ಬೆಚ್ಚಿದರು. ಏಣಿ ಜಾರಿ ಷಟರಿಗೆ ಬಡಿಯಿತು. ಗಜಾನನರು ಪಕ್ಕದ ಕಿಟಕಿಯ ಸರಳು ಹಿಡಿದು ನೇತಾಡಿದರು. ಷಟರ್ ಧಡ್ ಎಂದು ಕೆಳಗೆ ಬಂದು ಸಿಮೆಂಟ್ ಬ್ಲಾಕುಗಳ ಮೇಲೆ ಕೂತಿತು.

ಷಟರಿನ ಅಂಚಿಗೂ ಯಶವಂತನ ಕುತ್ತಿಗೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅವನು ನಿಧಾನವಾಗಿ ಹಿಂದಕ್ಕೆ ತೆವಳಿ, ಎದ್ದು ನಿಂತು, ಕುತ್ತಿಗೆ ಸವರಿಕೊಂಡ.

ಮೊದಲು ಬಾಯಿ ಬಿಟ್ಟವರು ನಾಗಪ್ಪನವರು. "ಶರ್ಟಿಗೆ ಮಸಿ ಆಯ್ತಲ್ಲೋ! ಧರ್ಮೇಶ, ಹಾಗೆಲ್ಲ ಕೂಗೋದಾ ನೀನು?"

"ಕೂಗದಿದ್ರೆ ನಾನ್ಯಾಕೆ ಬೀಳ್ತಿದ್ದೆ?" ಎಂದರು ಗಜಾನನರು. ಕಾಫಿ ಕುಡಿದು ಬರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ.

ಧರ್ಮೇಶ ಎಲ್ಲರನ್ನೂ ತುಂಗಮ್ಮನ ಗೇಟಿನವರೆಗೆ ಹಿಂದೆ ಸರಿಸಿದ. ಆಮೇಲೆ ಬದಿಯಲ್ಲಿ ನಿಂತು, ಷಟರ್ ಜಾರುವ ಕಬ್ಬಿಣದ ಚಾನೆಲ್ಲಿಗೆ ಟಾರ್ಚ್ ಬಿಟ್ಟ. ಒಳಗೆ ಉದ್ದಕ್ಕೂ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಅದರೊಳಗೆ ರಸ್ತೆಯ ಧೂಳು, ಕಸ. ಉಗುರಲ್ಲಿ ಕೆರೆದು ಮೂಸಿದ. ಕೊಬ್ಬರಿ ಎಣ್ಣೆ.

ಮಾಘದ ಚಳಿ. ಬೀದಿಯಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಭವ್ಯ ತಲೆಗೆ ಹಚ್ಚುವ ಎಣ್ಣೆಯೂ ಆ ದಿನಗಳಲ್ಲಿ ಬಾಟಲಿಯೊಳಗೆ ಕಲ್ಲಾಗಿರುತ್ತಿತ್ತು. ಬಚ್ಚಲೊಲೆಯ ಹತ್ತಿರ ಇಟ್ಟರಷ್ಟೇ ಕರಗುತ್ತಿತ್ತು.

ಇದನ್ನು ಇಲ್ಲಿ ಹೊಯ್ದವರು ಯಾರು ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ಧರ್ಮೇಶ ಬಚ್ಚಲ ಹಂಡೆಯಿಂದ ಬಿಂದಿಗೆ ಬಿಂದಿಗೆ ಬಿಸಿನೀರು ತಂದು, ಸ್ಟೂಲ್ ಹತ್ತಿ, ಎರಡೂ ಚಾನೆಲ್ಲಿಗೆ ಮೇಲಿಂದ ಸುರಿದ. ಅವನ ಸ್ನಾನದ ನೀರೂ ಅದರಲ್ಲೇ ಹೋಯಿತು. ಬೆಳ್ಳಗಿನದೆಲ್ಲ ಕರಗಿ ನೆಲಕ್ಕೆ ಹರಿಯಿತು. ಒಂದು ಬದಿಗೆ ಯಶವಂತ, ಇನ್ನೊಂದು ಬದಿಗೆ ತಾನು ನಿಂತು, "ಒಂದು, ಎರಡು" ಎಂದು ಸಮವಾಗಿ ಎತ್ತಿದರು.

ಷಟರ್ ಬೆಕ್ಕು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಯಿತು. ಚೂರೂ ಸದ್ದಿಲ್ಲ.

ಎಂಟೂಕಾಲು. ಈಗ ಹೊರಟರೂ ಹತ್ತಕ್ಕೆ ಧಾರಾಳವಾಗಿ ತಲುಪಬಹುದು. ಧರ್ಮೇಶನ ಎದೆ ಹಗುರಾಯಿತು. ಮಾವನಿಂದ ಒಂದು ಒಳ್ಳೆಯ ಮಾತು ಬಂದೀತೆಂದು ಹಿಂತಿರುಗಿ ನೋಡಿದ.

"ನೋಡಿದ್ರಾ!" ನಾಗಪ್ಪನವರು ತುಂಗಮ್ಮನಿಗೆ ಹೇಳುತ್ತಿದ್ದರು. "ದಿನಾ ಕಿರ್ರೋ ಅಂತ ಅಳ್ತಿತ್ತು ಈ ಷಟರ್. ಶುಭಕಾರ್ಯಕ್ಕೆ ಹೊರಡುವಾಗ ಬಾಗಿಲು ಅಳಬಾರದು ಅಂತ ನಿನ್ನೆ ರಾತ್ರಿ ನಾನೇ ಒಂದು ಬಾಟ್ಲಿ ಕೊಬ್ಬರಿ ಎಣ್ಣೆ ಕರಗಿಸಿ ಹಾಕಿದ್ದೆ. ಹೆಂಗೆ ಹೋಯ್ತು ನೋಡಿ!"

"ದೊಡ್ಡೋರ ಕೈಗುಣ" ಎಂದರು ತುಂಗಮ್ಮ.

"ಮಾವ, ಆ ಎಣ್ಣೆಯಿಂದಾನೇ..." ಧರ್ಮೇಶ ಶುರು ಮಾಡಿದ.

"ಎಣ್ಣೆಯಿಂದಾನೇ ಮತ್ತೆ! ಮೊದ್ಲೇ ಬಿಸಿನೀರು ಹಾಕಿದ್ರೆ ಇಷ್ಟು ಹೊತ್ತು ಯಾಕೆ ಬೇಕಿತ್ತು?" ನಾಗಪ್ಪನವರು ಜೇಬಿನಿಂದ ಕೀಲಿ ತೆಗೆದು ಕೊಟ್ಟರು. "ಹೊರಡು ಬೇಗ."

ಧರ್ಮೇಶ ಕಾರಿನ ಬಾಗಿಲಿಗೆ ಕೀಲಿ ಹಾಕಿದ. ಅರ್ಧ ಹೋಗಿ ನಿಂತಿತು. ಇನ್ನೊಂದು ಬಾಗಿಲಿಗೆ ಹಾಕಿದ. ಅಲ್ಲಿ ಅರ್ಧವೂ ಹೋಗಲಿಲ್ಲ. ತೂತಿನ ಬಾಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಮಾವ..."

"ಹೌದು ಮಾರಾಯ, ಬಾಟ್ಲಿಯಲ್ಲಿ ಸ್ವಲ್ಪ ಉಳಿದಿತ್ತು" ಎಂದರು ನಾಗಪ್ಪನವರು.

"ಭವ್ಯಾ, ಬಿಸಿನೀರು!"

"ಹಂಡೆ ಬರಿದು ಮಾಡಿದ್ದು ನೀವೇ ಅಲ್ವಾ?" ಎಂದಳು ಭವ್ಯ ಬಚ್ಚಲಿನಿಂದ.

ಬಸ್ ಸ್ಟಾಂಡಿನಿಂದ ನರಸಿಂಹರಾಜಪುರದ ಬಸ್ಸಿನ ಹಾರನ್ ಕೇಳಿತು. ನಾಗಪ್ಪನವರು ಪಂಚೆ ಎತ್ತಿ ಹಿಡಿದು ಓಡಿದರು. ಹಿಂದೆ ಯಶವಂತ, ಅವನ ಹಿಂದೆ ಮಸಿಯಾದ ಶರ್ಟಿಗೆ ಬದಲು ಗಂಡನ ಶರ್ಟು ಹಿಡಿದ ಭವ್ಯ. "ನೀನು ಕಾರು ಕಾಯ್ಕೊಂಡಿರು!" ಎಂಬ ಮಾವನ ಕೂಗು ಮಾತ್ರ ಧರ್ಮೇಶನಿಗೆ ಉಳಿಯಿತು.

ಸಂಜೆ ಮೂವರೂ ನಗುತ್ತಾ ಬಂದರು. ಕಾರಿದ್ದೂ ಬಸ್ಸಿನಲ್ಲಿ ಬಂದ ಮನೆತನದ ಸರಳತೆ ಹೆಡ್‌ಮಾಸ್ಟರಿಗೆ ಹಿಡಿಸಿತ್ತಂತೆ. ಹುಡುಗಿ ನಯನಾಳೂ ಒಪ್ಪಿದ್ದಳು.

"ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು" ಎಂದರು ನಾಗಪ್ಪನವರು ಕಾಫಿ ಹೀರುತ್ತಾ. "ಅವ್ರ ಮನೇಲೂ ಸ್ಕೂಟರ್ ಷೆಡ್ಡಿಗೆ ನಿನ್ನ ಹಾಗಿನದೇ ಷಟರ್. ಏನು ಕಿರ್ರೋ ಅನ್ನುತ್ತೆ ಅಂತೀಯ! ಬರೋಕೆ ಮುಂಚೆ ಒಂದು ಉಪಕಾರ ಮಾಡಿ ಬಂದೆ."

ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್ ಹೊಡೆದುಕೊಂಡಿತು. ನರಸಿಂಹರಾಜಪುರದಿಂದ ಹೆಡ್‌ಮಾಸ್ಟರು.

"ನಮ್ಮ ಷಟರ್ ಏಳ್ತಾ ಇಲ್ಲ. ಷಟರ್ ಕೈಕೊಟ್ರೆ ಅಳಿಯಂದಿರಿಗೆ ಹೇಳಿ ಅಂತ ನಿಮ್ಮ ಮಾವ ನಂಬರ್ ಕೊಟ್ಟಿದ್ರು. ನಮ್ಮ ಪಕ್ಕದ ಮನೆಯವರು ಸ್ಪ್ಯಾನರ್ ಹಿಡ್ಕೊಂಡು ಏಣಿ ಹತ್ತಿದಾರೆ. ಯಾವ ನಟ್ ಬಿಚ್ಚಬೇಕು?"

"ಮೊದ್ಲು ಅವ್ರನ್ನ ಕೆಳಗಿಳಿಸಿ ಸಾರ್" ಎಂದ ಧರ್ಮೇಶ. "ಆಮೇಲೆ ಹಂಡೆ ತುಂಬ ನೀರು ಕಾಯೋಕೆ ಇಡಿ."

ಕೆಲಸಕ್ಕೆ ರಜೆ ಹಾಕಿ ಅವನು ನರಸಿಂಹರಾಜಪುರದ ಮೊದಲ ಬಸ್ಸು ಹತ್ತಿದ.