ಸೋರೆಕಾಯಿಗೆ ನನ್ನ ಕಾಲಿನ ಬಣ್ಣ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಅಂತ ನಾನು ಖಂಡಿತ ಹೇಳೋದಿಲ್ಲ. ಹೇಳೋಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನ್ಯಾಕೆ ಬಾಯಿ ನೋಯಿಸಿಕೊಳ್ಳಲಿ?

ಮೊದಲೇ ಹೇಳಿಬಿಡುತ್ತೇನೆ, ಮಾವನನ್ನ 'ಅವನು' ಅಂತ ಬರೆದೆ ಅಂತ ಯಾರೂ ಬೈಯಬೇಡಿ. ನಮ್ಮ ಮಂಡ್ಯದ ಕಡೆ ಪ್ರೀತಿ ಜಾಸ್ತಿ ಆದಷ್ಟೂ ಮರ್ಯಾದೆ ಕಮ್ಮಿ ಆಗುತ್ತೆ. ಮಾವ ಮೂವತ್ತು ವರ್ಷ ವಿ.ಸಿ. ಫಾರಂ ಅನ್ನೋ ಸರ್ಕಾರಿ ಕೃಷಿ ಕೇಂದ್ರದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಪೈರಿಗೆ ಔಷಧಿ ಹೊಡೆದವನು. ಕೆಲಸದಿಂದ ನಿವೃತ್ತಿ ಆಯಿತು, ಅಭ್ಯಾಸದಿಂದ ಆಗಲಿಲ್ಲ. ಏನೇ ಮಾಡೋಕೆ ಮುಂಚೆ ತೋರುಬೆರಳು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡುತ್ತಾನೆ. ಮುಖಕ್ಕೆ ಪೌಡರ್ ಹಚ್ಚಿಕೊಳ್ಳೋಕೂ ಅಷ್ಟೇ! ಗಾಳಿ ಎದುರಿಗಿದ್ದರೆ ಆವತ್ತು ಪೌಡರ್ ಇಲ್ಲ.

ಇನ್ನು ಅವನ ಸೈಕಲ್ಲು. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ತಗಡು ಹೊಡೆಸಿಕೊಂಡಿದ್ದಾನೆ. ಒಂದು ಕಡ್ಡಿಯೂ ಕಾಣೋದಿಲ್ಲ. ಮಾವ ಬರ್ತಿದ್ದಾನೆ ಅಂದರೆ ಅರ್ಧ ಮೈಲಿಯಿಂದಲೇ ಗಡಗಡ ಗಡಗಡ ಅಂತ ಕೇಳುತ್ತೆ, ನಾಯಿಗಳೆಲ್ಲ ಎದ್ದು ದಾರಿ ಬಿಡುತ್ತವೆ. "ಯಾಕ್ ಮಾವ ಈ ತಗಡು?" ಅಂತ ಯಾರು ಕೇಳಿದರೂ ಒಂದೇ ಉತ್ತರ: "ಇರ್ಲಿ ಬುಡು." ನಾವೆಲ್ಲ ಬಿದ್ದು ಬಿದ್ದು ನಗೋದು.

ಈಗ ನನ್ನ ಕಾಲಿನ ವಿಷಯಕ್ಕೆ ಬರೋಣ. ಗಾಬರಿ ಬೇಡ, ಕರ್ಚೀಫು ಒಳಗಿಡಿ. ನಾನು ಕಿರುಗಾವಲಿನ ಕಡೆ ಶಾಲೆಯಲ್ಲಿ ಟೀಚರು. ಮೂರು ವರ್ಷದ ಹಿಂದೆ ಸ್ಕೂಟರಿನಲ್ಲಿ ಹೋಗುವಾಗ ಕಬ್ಬು ತುಂಬಿದ ಟ್ರ್ಯಾಕ್ಟರು ತಗುಲಿ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಈಗಿರೋದು ಕೃತಕ ಕಾಲು. ನಡೀತೀನಿ, ಮೆಟ್ಟಿಲು ಹತ್ತುತೀನಿ, ಕೋಪ ಬಂದರೆ ನೆಲಕ್ಕೆ ಕುಟ್ಟುತೀನಿ. ತೊಂದರೆ ಇರೋದು ಬಣ್ಣದ್ದು! ನಾನು ರಾಗಿಮುದ್ದೆ ಬಣ್ಣದವಳು. ಕಾಲು ಬಂದಿದ್ದು ಹಾಲು ಬಿಸ್ಕತ್ತಿನ ಬಣ್ಣದಲ್ಲಿ. ಸೀರೆ ನೆರಿಗೆ ಒಂದು ಬೆರಳು ಮೇಲೆ ಹೋದರೆ ಸಾಕು, ಎದುರಿಗಿದ್ದವರ ಕಣ್ಣು ಅಲ್ಲೇ ನೆಟ್ಟುಬಿಡುತ್ತೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ನಾನು ಕಾಲುಚೀಲ, ಶೂ. ಮನೆಗೆ ನೆಂಟರು ಬಂದರೂ ಕಾಲುಚೀಲ.

ಹಿಂಗಿರುವಾಗ ನನ್ನ ತಮ್ಮನಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಗಂಡಿನ ಅಕ್ಕ ಕಳಸಗಿತ್ತಿ ಆಗಬೇಕು. ಕಳಸ ಹಿಡಿದು ಮದುಮಕ್ಕಳ ಜೊತೆ ಚಪ್ಪರದೊಳಗೆ ಬರಿಗಾಲಲ್ಲಿ ನಡೀಬೇಕು. ಇರೋಳು ನಾನೊಬ್ಬಳೇ ಅಕ್ಕ. ತಮ್ಮ ಹುಟ್ಟಿದ ದಿನದಿಂದ ನಾನು ಕಾದಿದ್ದ ಕೆಲಸ ಅದು. ಆದರೂ "ನನ್ನ ಕೈಲಾಗಲ್ಲ, ಚಿಕ್ಕಪ್ಪನ ಮಗಳು ಹಿಡೀಲಿ" ಅಂದುಬಿಟ್ಟೆ. ಅಂದು ಅಡುಗೆಮನೆಗೆ ಹೋಗಿ ಅತ್ತೆ.

ಹೊರಗೆ ಗಡಗಡ ಸದ್ದು. ಮಾವ ಬಂದ, ವಿಷಯ ಕೇಳಿದ, ಸೀದಾ ಅಡುಗೆಮನೆಗೇ ಬಂದ.

"ಬಣ್ಣ ತಾನೆ ಮಗ? ಮೂವತ್ತೊರ್ಸ ಔಸ್ದಿ ಒಡ್ದಿವ್ನಿ. ನಾನ್ ಒಡ್ಕೊಡ್ತೀನಿ."

"ಮಾವ, ಅದು ಭತ್ತದ ಗದ್ದೆ ಅಲ್ಲ, ನನ್ನ ಕಾಲು!"

"ಗದ್ದೆಗಿಂತ ಚಿಕ್ಕದೇ ತಾನೆ? ಸುಮ್ಕಿರು. ಕಳಸ ನೀನೇ ಇಡೀಬೇಕು."

ಮದುವೆಗೆ ಎರಡೇ ತಿಂಗಳು. ಆವತ್ತೇ ಮಾವ ಮೊಬೈಲು ಹಿಡಿದು ಕೂತ. ಗಾಳಿಯ ಒತ್ತಡದಲ್ಲಿ ಬಣ್ಣವನ್ನ ಮಂಜಿನ ಹಾಗೆ ಹೊಡೆಯೋ ಪೆನ್ನಿನಂಥ ಯಂತ್ರ ಇದೆಯಂತೆ, ಏರ್‌ಬ್ರಷ್ ಅಂತ. ಯಾಕೆ ಏನು ಅಂತ ಕೇಳಿದವರಿಗೆಲ್ಲ "ಆಬಿ ಕಣ್ಲಾ, ಒಸಾ ಆಬಿ" ಅನ್ನೋನು, ಅಂದರೆ ಹಾಬಿ. ನನ್ನ ಕಾಲಿನ ಸುದ್ದಿ ಯಾರ ಹತ್ತಿರವೂ ಎತ್ತಲಿಲ್ಲ.

ಮೊದಲ ಯಂತ್ರ ಬಂತು. ಅದರ ಬಟ್ಟಲು ನೋಡಿ ಮಾವ ಕಂಗಾಲಾದ. "ಇದೇನ್ಲಾ ಇದು! ಇದ್ಕಿಂತ ದೊಡ್ಡ ವಾಲೆ ನಿಮ್ಮತ್ತೆ ಕಿವೀಲದೆ!" ಅಂದವನೇ ಮಾರಿದವರಿಗೆ ಫೋನು ಮಾಡಿ, "ತಾಯಿ, ಒಂದ್ ಟ್ಯಾಂಕ್‌ಗೆ ಎಷ್ಟ್ ಗುಂಟೆ ಬತ್ತದೆ?" ಅಂತ ಕೇಳಿದ. ಆ ಕಡೆಯ ಹುಡುಗಿ ಪಾಪ, ಸಾವಧಾನವಾಗಿಯೇ, "ಸರ್, ಎರಡು ಕೆಜಿ ಕೇಕಿಗೆ ಬರುತ್ತೆ" ಅಂದಳು.

ಕೇಕಿಗೆ! ಮಾವ ತರಿಸಿದ್ದು ಹುಟ್ಟುಹಬ್ಬದ ಕೇಕಿನ ಮೇಲೆ ಬಣ್ಣ ಹೊಡೆಯೋ ಸೆಟ್ಟು. ಜೊತೆಗೆ ಬಂದ ಹನ್ನೆರಡು ಸೀಸೆಯೂ ತಿನ್ನೋ ಬಣ್ಣ. ಬೇರೆ ಯಾರಾದರೂ ವಾಪಸ್ ಕಳಿಸ್ತಿದ್ದರು. ಮಾವ ಹೇಳಿದ್ದೇನು? "ತಿನ್ನಕ್ಕಾಯ್ತದೆ ಅಂದ್ರೆ ವಿಸ ಇಲ್ಲ ಅಂತ ತಾನೆ? ಒಳ್ಳೇದೇ ಆಯ್ತು."

ಗಾಳಿ ನೋಡಿ, ಮೂಗಿಗೆ ಟವಲ್ಲು ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನನ್ನ ಕಾಲಿಗೆ ಹೊಡೆದು ಜಗಲಿ ಮೇಲೆ ಒಣಗೋಕೆ ಇಟ್ಟ. ಕಾಫಿ ಕುಡಿದು ಬಂದು ನೋಡಿದರೆ ಕಾಲು ಕಪ್ಪಗೆ ಮಿಂಚುತ್ತಿದೆ. "ಬಣ್ಣ ಏನ್ ಚೆಂದಾಗಿ ಕೂತದೆ ನೋಡು!" ಅಂತ ಮಾವ ಹತ್ತಿರ ಹೋದ. ಬಣ್ಣ ಅಲ್ಲಾಡ್ತಿತ್ತು. ಇರುವೆ! ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಇರುವೆ! ಕಬ್ಬು, ಬೆಲ್ಲ, ಸಕ್ಕರೆ ಅಂತ ತಿಂದು ಬೆಳೆದ ಮಂಡ್ಯದ ಇರುವೆಗಳು ಸಿಹಿ ಇರೋ ಜಾಗ ಬಿಡುತ್ತವೆಯೇ? ಅಷ್ಟೊಂದು ಇರುವೆ ಮುತ್ತಿದರೂ ನನಗೆ ಒಂದು ಚೂರೂ ನೋವಾಗಲಿಲ್ಲ, ಅದೊಂದು ಆ ಕಾಲಿನ ದೊಡ್ಡ ಗುಣ. ನಾನು ನಕ್ಕಿದ್ದಕ್ಕೆ ಮಾವನಿಗೆ ಕೋಪ ಬಂತು. ನಿಜ ಹೇಳ್ತೀನಿ, ಆ ಕಾಲು ನೋಡಿ ನಾನು ನಕ್ಕಿದ್ದು ಅದೇ ಮೊದಲು.

ಆಮೇಲೆ ಮಾವ ನನ್ನನ್ನೂ ಕರಕೊಂಡು ಮಳವಳ್ಳಿಗೆ ಹೋದ. ಅಲ್ಲಿ ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಯೋ ಒಬ್ಬರು ಸಾಹೇಬರಿದ್ದಾರೆ. ಅವರು ಹೊಡೆದ ಹುಲಿ, ಹದ್ದು ತಾಲ್ಲೂಕಿನ ಅರ್ಧ ಬೈಕುಗಳ ಮೇಲೆ ಕೂತಿವೆ. ಕೇಕಿನ ಯಂತ್ರ ನೋಡಿ ಸಾಹೇಬರು ನಗಲಿಲ್ಲ, ದೊಡ್ಡ ಮನುಷ್ಯ. ತಮ್ಮ ಬಣ್ಣವನ್ನ ಒಂದು ಹಳೇ ಹವಾಯಿ ಚಪ್ಪಲಿಗೆ ಹೊಡೆದು ತೋರಿಸಿದರು. ಚಪ್ಪಲಿ ನಮ್ಮ ಕಣ್ಣೆದುರೇ ಹಪ್ಪಳದ ಹಾಗೆ ಮುದುರಿಕೊಂಡಿತು.

"ನೋಡಿದ್ರಲ್ಲ ಅಣ್ಣಾ, ಥಿನ್ನರ್ ಪೇಂಟು ತಗಡಿಗೆ ಸರಿ. ಅಮ್ಮನ ಕಾಲಿಗೆ ನೀರಿನ ಪೇಂಟೇ ಬೇಕು. ಚರ್ಮದ ಶೂ, ಬ್ಯಾಗಿಗೆ ಹಚ್ಚೋದು ಬರ್ತದೆ, ಬಗ್ಗಿದ್ರೂ ಬಿರಿಯಲ್ಲ. ಬಣ್ಣ ಹೊಡೆಯೋ ಗನ್ನು, ಬಟ್ಟಲು ಮೇಲಿರೋದೇ ತಗೊಳ್ಳಿ, ಬಣ್ಣ ತಾನಾಗಿ ಇಳೀತದೆ. ಗುಂಡಿ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಬಣ್ಣ, ಹಂಗಿರಬೇಕು. ಕಂಪ್ರೆಸರ್‌ಗೆ ಒಂದು ಸಣ್ಣ ಟ್ಯಾಂಕು ಇರಲಿ, ಇಲ್ಲಾಂದ್ರೆ ಗಾಳಿ ಬಿಟ್ಟು ಬಿಟ್ಟು ಬರ್ತದೆ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು."

ಮಾವ ಕೇಳಿದ: "ಎಮ್ಮೆ ಹಾಲೋ, ಡೈರಿ ಹಾಲೋ?"

ಸಾಹೇಬರು ಅರ್ಧ ನಿಮಿಷ ಯೋಚನೆ ಮಾಡಿ, "ಡೈರಿ ಹಾಲು" ಅಂದರು. ಇಬ್ಬರ ಮುಖದಲ್ಲೂ ಒಂದು ಚೂರು ನಗು ಇಲ್ಲ! ನಾನು ಶಾಲೆಯಲ್ಲಿ ಇಷ್ಟು ಶ್ರದ್ಧೆಯ ಪಾಠ ನೋಡಿಲ್ಲ.

ಸಾಹೇಬರ ಗನ್ನನ್ನೇ ಹಿಡಿದು ಮಾವ ಅಭ್ಯಾಸ ಮಾಡಿದ. ಆಮೇಲೆ ಔಷಧಿ ಪಂಪು ತೊಳೆಯೋ ಹಾಗೆ ಬಿಚ್ಚಿ, ಮೂರು ಸಲ ನೀರು ಬಿಟ್ಟು, ಸೂಜಿ ಒರೆಸಿ, ತಲೆಕೆಳಗು ಮಾಡಿ ಇಟ್ಟ. ಸಾಹೇಬರು ಬೆರಗಾದರು. "ಗನ್ನು ಹಾಳಾಗೋದು ತೊಳೀದೇ ಬಿಟ್ಟಿದ್ದಕ್ಕೇ ಅಮ್ಮಾ. ನನ್ನ ಹತ್ರ ಕಲಿತೋರು ಯಾರೂ ಹಿಂಗೆ ತೊಳೀಲಿಲ್ಲ" ಅಂದರು. ಕಳಿಸುವಾಗ ಮಾವನಿಗೆ ಒಂದೇ ಮಾತು ಹೇಳಿದರು: "ಕಾಲಿಗೆ ಆಮೇಲೆ. ಮೊದಲು ಯಾವುದಾದ್ರೂ ಉಬ್ಬಿರೋ ಸಾಮಾನಿನ ಮೇಲೆ ಕೈ ಪಳಗಲಿ."

ಸಾಹೇಬರು ಹೇಳಿದಂಥದ್ದನ್ನೇ ಮಾವ ತರಿಸಿದ. ಯಂತ್ರ ಸರಿಯಾಯಿತು, ಬಣ್ಣ ಸರಿಯಾಗಲಿಲ್ಲ. ಬೆಳಗ್ಗೆ ಬಿಸಿಲಲ್ಲಿ ನನ್ನ ಬಲಗಾಲನ್ನ ಸ್ಟೂಲಿನ ಮೇಲೆ ಇಡಿಸಿ, "ಅಳ್ಳಾಡ್ಬೇಡ ಮಗ" ಅಂತ ಹನಿ ಹನಿ ಬೆರೆಸೋನು. ಒಂದು ದಿನ ಇಟ್ಟಿಗೆ ಬಣ್ಣ, ಒಂದು ದಿನ ಬೆಲ್ಲದ ಬಣ್ಣ. ಮಾವನಿಗೆ ನಿದ್ದೆ ಹೋಯಿತು. ಕಂಡಕಂಡವರ ಕಾಲು ನೋಡೋಕೆ ಶುರು ಮಾಡಿದ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರೋ ಹೆಂಗಸಿನ ಕಾಲನ್ನ ಹತ್ತು ನಿಮಿಷ ನೋಡಿದರೆ ಏನಾಗುತ್ತೆ ಹೇಳಿ? ಆ ತಾಯಿ ಮಚ್ಚು ಎತ್ತಿದಳು!

"ಏನಯ್ಯಾ, ವಯಸ್ಸಾಗದೆ, ನಾಚ್ಕೆ ಆಗಾಕಿಲ್ವಾ?"

ಊರಲ್ಲಿ ಯಾರಿಗೂ ಬಾಯಿಬಿಡದ ಮಾವ ಆ ಮಚ್ಚಿನ ಎದುರು ಎಲ್ಲ ಹೇಳಿದ. ಆಕೆ ಮಚ್ಚು ಕೆಳಗಿಟ್ಟಳು. ಒಂದು ಎಳನೀರು ಕೆತ್ತಿ ಕೊಟ್ಟು, ಚಪ್ಪಲಿ ಬಿಟ್ಟು, ಕಾಲು ಮುಂದಕ್ಕೆ ಚಾಚಿದಳು. "ತಕ್ಕೋ, ಸರ್ಯಾಗಿ ನೋಡ್ಕೊ. ಕಾಲು ಒಂದೇ ಬಣ್ಣ ಇರಾಕಿಲ್ಲ ಕಣಣ್ಣೋ. ಇಮ್ಮಡಿ ಬ್ಯಾರೆ, ಬೆರಳ್ ಗೆಣ್ಣು ಬ್ಯಾರೆ, ಉಗುರಿನ ಬುಡ ಬ್ಯಾರೆ. ನೀನು ಗ್ವಾಡೆಗೆ ಸುಣ್ಣ ಬಳ್ದಂಗೆ ಬಳುದ್ರೆ ಆದದಾ?"

ಮಾವ ಅಲ್ಲಿಂದ ಓಡೋಡಿ ಬಂದ. ಆವತ್ತಿಂದ ಒಂದೇ ಬಣ್ಣ ಹೋಗಿ ನಾಲ್ಕು ಬಣ್ಣ ಆಯಿತು, ಒಂದರ ಮೇಲೊಂದು ತೆಳ್ಳಗೆ. ಉಬ್ಬಿರೋ ಸಾಮಾನು ಅಂದರೆ ಮನೆ ಹಿತ್ತಲ ಸೋರೆಕಾಯಿ. ಚಪ್ಪರದಲ್ಲಿ ತೂಗಾಡ್ತಿದ್ದ ಒಂದೊಂದು ಕಾಯಿಗೂ ನನ್ನ ಕಾಲಿನ ಬಣ್ಣ! ನನ್ನ ಅತ್ತೆ, ಅಂದರೆ ಮಾವನ ಹೆಂಡತಿ, ದಿನಾ ಬೈಯೋಳು, ದಿನಾ ಆ ಬಣ್ಣದ ಸಿಪ್ಪೆ ಹೆರೆದು ಎಸೆದು ಪಲ್ಯ ಮಾಡೋಳು. ಒಂದು ದಿನ ಈಳಿಗೆಮಣೆ ಮುಂದೆ ಕೂತವಳು ಕಾಯಿ ಹಿಡಿದುಕೊಂಡು ಕಿರುಚಿದಳು.

"ಯೋವ್, ಬಾ ಇಲ್ಲಿ! ಇದ ಎಂಗೆ ಕುಯ್ಯಲಿ ನಾನು? ಮಗೀನ ಕಾಲಿದ್ದಂಗೇ ಅದೆ! ನನ್ ಕೈಲಾಗಾಕಿಲ್ಲಪ್ಪ!"

ಮಾವ ಬಂದು ನೋಡಿ ಆ ಸೋರೆಕಾಯಿಯನ್ನ ಎತ್ತಿಕೊಂಡು ನಮ್ಮ ಮನೆಗೆ ತಂದ. ನನ್ನ ಬಲಗಾಲಿನ ಪಕ್ಕ ಇಟ್ಟ. ನಾನು ನೋಡಿದೆ. ತೊಟ್ಟು ಒಂದು ಇಲ್ಲದಿದ್ದರೆ ನನಗೇ ಗೊತ್ತಾಗ್ತಿರಲಿಲ್ಲ. ಆವತ್ತು ಅವರ ಮನೆಯಲ್ಲಿ ಬರೀ ಬೇಳೆ ಸಾರು.

ಮದುವೆಗೆ ಒಂದು ವಾರ ಇರುವಾಗ ಮಾವ ಕಾಲನ್ನ ತಗೊಂಡು ಹೋದ. ನಾಲ್ಕು ದಿನ ನಾನು ಊರುಗೋಲಿನ ಮೇಲೆ. ಐದನೇ ದಿನ ಬೆಳಗ್ಗೆ ಗಡಗಡ ಅಂತ ಬಂತು ಸೈಕಲ್ಲು. ಹಿಂದಿನ ಸೀಟಿನಲ್ಲಿ ಟವಲ್ಲು ಸುತ್ತಿದ ಕಾಲು, ಹಗ್ಗ ಹಾಕಿ ಕಟ್ಟಿದ್ದ.

ಬಿಚ್ಚಿದೆ. ನನ್ನದೇ ಬಣ್ಣ. ಗೆಣ್ಣಿನ ಹತ್ತಿರ ಕಪ್ಪು, ಹಿಮ್ಮಡಿ ಹತ್ತಿರ ಮಾಸಲು, ಉಗುರಿನಲ್ಲಿ ಚೂರು ಕೆಂಪು. ತಿರುಗಿಸಿ ನೋಡಿದರೆ ಪಾದದ ಗಂಟಿನ ಒಳಪಕ್ಕಕ್ಕೆ, ಅರ್ಧ ಬೆರಳುದ್ದ, ಒಂದು ಬಿಳಿಚಿದ ಗೆರೆ.

ನನ್ನ ಕಲೆ!

ನನಗೆ ಆಗ ಆರು ವರ್ಷ. ಬಸರಾಳಿನಲ್ಲಿ ಅಜ್ಜಿ ಮನೆ. ಮಾವನ ಸೈಕಲ್ಲಿನ ಹಿಂದೆ ಕೂತು ಬರ್ತಿದ್ದಾಗ ಎಡಗಾಲು ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತ್ತು. ಮಾವ ಸೈಕಲ್ಲನ್ನ ದಾರಿಯಲ್ಲೇ ಬಿಸಾಕಿ, ನನ್ನನ್ನ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದ. ಹೊಲಿಗೆ ಹಾಕುವಾಗ ನನಗಿಂತ ಜೋರಾಗಿ ಅತ್ತವನು ಅವನೇ ಅಂತೆ. ಕಲೆ ಉಳೀತು, ನಾನು ಮರೆತೆ. ಆಮೇಲೆ ಕಾಲಿನ ಜೊತೆ ಕಲೆಯೂ ಹೋಯಿತು, ಅದನ್ನೂ ನಾನು ಮರೆತೆ. ಆ ತಗಡು ಹೊಡೆಸಿದ್ದು ಯಾವಾಗ, ಯಾಕೆ ಅಂತ ನನಗೆ ಆವತ್ತು ಗೊತ್ತಾಯಿತು. ಇಷ್ಟು ವರ್ಷ ಎಲ್ಲರ ಜೊತೆ ಸೇರಿ ಅದಕ್ಕೆ ನಾನೂ ನಕ್ಕಿದ್ದೆನಲ್ಲ!

"ಮಾವ, ಇದನ್ನ ಯಾಕೆ ಬರೆದೆ?"

"ಅದಿಲ್ದಿದ್ರೆ ಅದು ನಿನ್ ಕಾಲು ಎಂಗಾಯ್ತದೆ ಮಗ?"

ನಾನೂ ಕಮ್ಮಿ ಬಾಯಿಯವಳಲ್ಲ. ಆದರೆ ಆವತ್ತು ಕಾಲು ಹಾಕಿಕೊಂಡು ಅವನಿಗೆ ಕಾಫಿ ಮಾಡೋಕೆ ಎದ್ದುಬಿಟ್ಟೆ. ಈಗ ಹೇಳ್ತೀನಿ. ಮಾವ, ನೀನು ಇಲ್ಲದಿದ್ದರೆ ನಾನು ಆ ಕಾಲನ್ನ ಸಾಯೋ ತನಕ ಕಾಲುಚೀಲದೊಳಗೇ ಇಟ್ಟುಕೊಂಡು ಇರ್ತಿದ್ದೆ. ನಿನ್ನ ಋಣ ದೊಡ್ಡದು. ಸಾಹೇಬರದ್ದು, ಹೆಸರು ಗೊತ್ತಿಲ್ಲದ ಆ ಎಳನೀರಿನ ತಾಯಿಯದ್ದೂ ದೊಡ್ಡದು.

ಮದುವೆ ದಿನ ಕಳಸ ಹಿಡಿದು ಬರಿಗಾಲಲ್ಲಿ ನಡೆದೆ. ಮಾವ ಮದುಮಕ್ಕಳ ಮುಖವನ್ನೇ ನೋಡಲಿಲ್ಲ. ಬಣ್ಣ ಎಲ್ಲಿ ಕಿತ್ತುಬರುತ್ತೋ ಅಂತ ಉದ್ದಕ್ಕೂ ತಲೆ ಬಗ್ಗಿಸಿಕೊಂಡು ನನ್ನ ಹಿಂದೆಯೇ ಬಂದ. ಒಂದು ಫೋಟೋದಲ್ಲೂ ಅವನ ಮುಖ ಇಲ್ಲ, ಬರೀ ಬೊಕ್ಕತಲೆ.

ಶಾಸ್ತ್ರ ಮುಗಿದು ಚಾಪೆ ಮೇಲೆ ಕೂತಾಗ ಹೆಣ್ಣಿನ ಕಡೆಯ ಒಂದು ಅಜ್ಜಿ, ನನ್ನ ವಿಷಯ ಏನೂ ಗೊತ್ತಿಲ್ಲದವಳು, ನನ್ನ ಎಡಗಾಲಿನ ಕಡೆ ಕೈ ತೋರಿಸಿ ಕೇಳಿದಳು. "ಇದೇನವ್ವ ಕಾಲ್ಗೆ ಆಗಿರಾದು?"

ಬಣ್ಣ ಕಿತ್ತೇಬಂತು ಅಂತ ಬಗ್ಗಿದೆ. ನೋಡಿದೆ. ಅಜ್ಜಿಯ ಬೆರಳು ಇದ್ದದ್ದು ಆ ಗೆರೆಯ ಮೇಲೆ.

"ಚಿಕ್ಕೋಳಿದ್ದಾಗ ನಮ್ಮಾವನ ಸೈಕಲ್ ಚಕ್ರಕ್ಕೆ ಸಿಕ್ಕಿತ್ತು ಕಣಜ್ಜಿ" ಅಂದೆ.

ಮಾವ ಪಕ್ಕದಲ್ಲೇ ನಿಂತಿದ್ದ. ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ. ಆಮೇಲೆ ಆ ಒದ್ದೆ ಬೆರಳನ್ನೇ ಮೇಲೆತ್ತಿ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡುತ್ತಾ ನಿಂತ.